ರಿಪೋರ್ಟು ನಾರ್ಮಲ್, ನಿದ್ದೆ ಮಾತ್ರ ಇಲ್ಲ

ಈ ಲೇಖನದ ವಿಷಯ ಹೆಂಗಸರಿಗೆ ಮುಟ್ಟು ನಿಲ್ಲುವ ಕಾಲ. ನಮ್ಮ ಪತ್ರಿಕೆಯಲ್ಲಿ ರಾಜ್ಯೋತ್ಸವದ ವರದಿ, ಮಕ್ಕಳ ಕನ್ನಡ ಪಾಠ, ಊರಿನ ನೆನಪು, ಅಡಿಗೆಯ ವಿಧಾನ ಎಲ್ಲವೂ ಬರುತ್ತವೆ. ಇದು ಮಾತ್ರ ಬರುವುದಿಲ್ಲ. ಸಂಕೋಚದ ವಿಷಯವೆಂದು ಸಂಪಾದಕರು ಕತ್ತರಿ ಹಾಕದಿರಲಿ. ಗಂಡಸರು ಪುಟ ಮಗುಚದಿರಲಿ. ಆಸ್ಪತ್ರೆಗೆ ಕಾರು ಓಡಿಸುವವರು ಬಹುಪಾಲು ಅವರೇ, ಬಿಲ್ಲು ಕಟ್ಟುವವರೂ ಅವರೇ; ಆದ್ದರಿಂದ ಅವರಿಗೂ ಇದರಲ್ಲಿ ಪಾಲಿದೆ.

ನಾನು ವೈದ್ಯೆಯಲ್ಲ. ವೈದ್ಯರು ಬರೆದದ್ದನ್ನು ಓದಿ, ನಮ್ಮವರ ನಡುವೆ ನಡೆಯುವುದನ್ನು ನೋಡಿ ಮೂಡಿದ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ನಲವತ್ತೈದು ದಾಟಿದ ಹೆಂಗಸಿಗೆ ಮುಟ್ಟು ಏರುಪೇರಾಗಿ, ಮೈಯಲ್ಲಿ ಝಳ ಎದ್ದು, ನಿದ್ದೆ ಕೆಟ್ಟಿದ್ದರೆ, ಅದು ಋತುಬಂಧದ ಸಂಧಿಕಾಲವೋ ಅಲ್ಲವೋ ಎಂದು ತಿಳಿಯಲು ಹಾರ್ಮೋನು ಪರೀಕ್ಷೆ ಬೇಕಾಗಿಲ್ಲ. ಬೇಕಾದದ್ದು ಆಕೆಯ ವಯಸ್ಸು, ಮುಟ್ಟಿನ ಲೆಕ್ಕ ಮತ್ತು ಆಕೆ ಹೇಳುವ ಮಾತು. ಈ ಮೂರನೆಯದನ್ನು ಹೇಳಲು ನಮಗೆ ಬಾಯಿ ಬರುವುದಿಲ್ಲ. ಆದ್ದರಿಂದ ತೋಳು ಚಾಚಿ ರಕ್ತ ಕೊಟ್ಟು ಬರುತ್ತೇವೆ.

ಇದು ಹೇಗೆ ನಡೆಯುತ್ತದೆಂದು ನೋಡೋಣ. ಕುವೈತಿನಲ್ಲಿ ಬೆವರಿಗೆ ಯಾರೂ ಕಾರಣ ಕೇಳುವುದಿಲ್ಲ. 2016ರ ಜುಲೈ 21ರಂದು ಇಲ್ಲಿನ ಮಿತ್ರಿಬಾದಲ್ಲಿ ಉಷ್ಣಾಂಶ 53.9 ಡಿಗ್ರಿಗೆ ಏರಿತ್ತು. ವಿಶ್ವ ಹವಾಮಾನ ಸಂಸ್ಥೆಯೇ ಅದನ್ನು ದೃಢಪಡಿಸಿದೆ. ಇಂಥ ಊರಿನಲ್ಲಿ ಹೆಂಗಸೊಬ್ಬಳು "ಮೈಯೆಲ್ಲ ಉರಿ" ಎಂದರೆ ಮನೆಯವರು "ಯಾರಿಗಿಲ್ಲ?" ಎನ್ನುತ್ತಾರೆ. ಆದರೆ ಎ.ಸಿ. ಇಪ್ಪತ್ತೆರಡಕ್ಕೆ ಇಟ್ಟ ಕೋಣೆಯಲ್ಲಿ ರಾತ್ರಿ ಎರಡು ಗಂಟೆಗೆ ದಿಂಬು ತೋಯ್ದು ಎದ್ದು ಕೂರುವುದು ಹವೆಯ ದೋಷವಲ್ಲ. ಗಂಡ ರಗ್ಗು ಹೊದ್ದು ಮಲಗಿರುತ್ತಾನೆ, ಹೆಂಡತಿ ಕಿಟಕಿಯ ಬಳಿ ನಿಂತಿರುತ್ತಾಳೆ. ಎದೆ ಡವಗುಟ್ಟುತ್ತದೆ. ಬೆಳಿಗ್ಗೆ ಕೀಲು ಹಿಡಿದಿರುತ್ತದೆ. ಅಡಿಗೆಮನೆಗೆ ಹೋಗಿ ಯಾಕೆ ಬಂದೆನೆಂದು ಮರೆತು ನಿಲ್ಲುತ್ತಾಳೆ. ಸಣ್ಣ ಮಾತಿಗೆ ಮಕ್ಕಳ ಮೇಲೆ ರೇಗಿ, ಆಮೇಲೆ ಸ್ನಾನದ ಕೋಣೆಯಲ್ಲಿ ಅಳುತ್ತಾಳೆ.

ತಿಂಗಳುಗಟ್ಟಲೆ ಇದನ್ನು ನುಂಗಿದ ಮೇಲೆ ಯಾರೋ ಗೆಳತಿ "ಹಾರ್ಮೋನು ಚೆಕ್ ಮಾಡಿಸಿ" ಎನ್ನುತ್ತಾರೆ. ಊರಿಗೆ ರಜೆಯ ಮೇಲೆ ಹೋದಾಗ ಮಂಗಳೂರಿನಲ್ಲೋ ಬೆಂಗಳೂರಿನಲ್ಲೋ 'ಮಹಿಳಾ ಪ್ಯಾಕೇಜ್' ಎಂಬ ಹಲಗೆ ಕಾಣುತ್ತದೆ. ಎಫ್.ಎಸ್.ಎಚ್., ಎಲ್.ಎಚ್., ಈಸ್ಟ್ರಡಿಯಾಲ್, ಪ್ರೊಜೆಸ್ಟಿರಾನ್, ಎ.ಎಂ.ಎಚ್. ಎಂದು ಒಂದು ಪುಟ ತುಂಬ ಹೆಸರು. ಸಂಜೆಗೆ ಕಾಗದ ಬರುತ್ತದೆ. ಎಲ್ಲ ಅಂಕಿಯೂ ಗೆರೆಯೊಳಗೆ ಇವೆ. "ಏನೂ ಇಲ್ಲ, ನಾರ್ಮಲ್" ಎಂದು ಯಜಮಾನರು ನೆಮ್ಮದಿಯ ಉಸಿರು ಬಿಡುತ್ತಾರೆ. ಆಕೆಗೆ ಆ ರಾತ್ರಿಯೂ ನಿದ್ದೆ ಇಲ್ಲ. ಇಷ್ಟು ದಿನ ಬರೀ ಕಾಯಿಲೆಯ ಕಷ್ಟವಿತ್ತು. ಇನ್ನು "ಎಲ್ಲ ಮನಸ್ಸಿನ ಭ್ರಮೆ" ಎಂಬ ಮಾತೂ ಸೇರಿಕೊಂಡಿತು.

ಕಾಗದ ಸುಳ್ಳು ಹೇಳಿತೇ? ಇಲ್ಲ. ಆ ದಿನದ ನಿಜವನ್ನು ಹೇಳಿತು, ಅಷ್ಟೆ. ಮೆದುಳಿನ ಬುಡದಲ್ಲಿ ಬಟಾಣಿಕಾಳಿನಷ್ಟು ಗಾತ್ರದ ಪಿಟ್ಯೂಟರಿ ಗ್ರಂಥಿ ಇದೆ. ಅದು ಅಂಡಾಶಯಕ್ಕೆ ಕಳಿಸುವ ಕರೆಯೇ ಎಫ್.ಎಸ್.ಎಚ್. ಅಟ್ಟದ ಮೇಲಿರುವವರನ್ನು ಕೆಳಗಿನಿಂದ ಕೂಗಿದಂತೆ ಎಂದು ತಿಳಿಯಿರಿ. ಅವರು ಓಗೊಟ್ಟರೆ ಕೂಗು ತಗ್ಗುತ್ತದೆ, ಓಗೊಡದಿದ್ದರೆ ಏರುತ್ತದೆ. ಮುಟ್ಟು ಪೂರ್ತಿ ನಿಂತ ಮೇಲೆ ಓಗೊಡುವವರೇ ಇಲ್ಲದ್ದರಿಂದ ಕೂಗು ಏರಿಯೇ ಇರುತ್ತದೆ. ಆದರೆ ನಿಲ್ಲುವ ಮುಂಚಿನ ಕೆಲವು ವರ್ಷ ಅಂಡಾಶಯದ ಸ್ವಭಾವವೇ ಬೇರೆ. ಒಂದು ತಿಂಗಳು ಮಲಗಿರುತ್ತದೆ, ಮುಂದಿನ ತಿಂಗಳು ಎದ್ದು ದುಪ್ಪಟ್ಟು ಕೆಲಸ ಮಾಡುತ್ತದೆ. ಈಸ್ಟ್ರೊಜನ್ ಒಮ್ಮೆ ಪಾತಾಳಕ್ಕೆ ಇಳಿದರೆ, ಇನ್ನೊಮ್ಮೆ ಹರೆಯದಲ್ಲಿ ಇದ್ದುದಕ್ಕಿಂತ ಮೇಲೇರುತ್ತದೆ. ಈ ಏರಿಳಿತವೇ ಆಕೆಯ ಕಷ್ಟಕ್ಕೆ ಬಹುಮಟ್ಟಿಗೆ ಕಾರಣ. ಒಂದು ದಿನದ ರಕ್ತದಲ್ಲಿ ಈ ಏರಿಳಿತ ಕಾಣುವುದು ಹೇಗೆ? ಏಪ್ರಿಲ್ ತಿಂಗಳ ಸರಾಯತ್ ಕಾಲದಲ್ಲಿ ಇಲ್ಲಿ ಬೆಳಿಗ್ಗೆ ಬಿಸಿಲು, ಮಧ್ಯಾಹ್ನ ಧೂಳು, ಸಂಜೆ ಗುಡುಗುಮಳೆ. ಬೆಳಿಗ್ಗೆ ಹತ್ತು ಗಂಟೆಗೆ ಒಂದು ಫೋಟೋ ತೆಗೆದು "ಕುವೈತಿನ ಹವೆ ಇದು" ಎಂದು ಊರಿಗೆ ಕಳಿಸಿದರೆ ಹೇಗಿರುತ್ತದೋ, ಈ ವಯಸ್ಸಿನ ಹಾರ್ಮೋನು ರಿಪೋರ್ಟೂ ಹಾಗೆಯೇ.

ಇದು ನನ್ನೊಬ್ಬಳ ತರ್ಕವಲ್ಲ. ಬ್ರಿಟನ್ನಿನ ಸರಕಾರಿ ಆರೋಗ್ಯ ಸೇವೆಗೆ ಮಾರ್ಗದರ್ಶಿ ಬರೆಯುವ ನೈಸ್ ಎಂಬ ಸಂಸ್ಥೆ 2015ರಲ್ಲೇ ಇದನ್ನು ಸ್ಪಷ್ಟವಾಗಿ ಹೇಳಿತು: 45 ದಾಟಿದವರಲ್ಲಿ ಋತುಬಂಧವನ್ನು ಗುರುತಿಸಲು ಎಫ್.ಎಸ್.ಎಚ್. ಪರೀಕ್ಷೆ ಮಾಡಬೇಡಿ, ಎ.ಎಂ.ಎಚ್., ಈಸ್ಟ್ರಡಿಯಾಲ್ ಮೊದಲಾದವೂ ಬೇಡ. 2011ರಲ್ಲಿ ಹಲವು ದೇಶಗಳ ತಜ್ಞರು ಕುಳಿತು ಈ ಸಂಧಿಕಾಲಕ್ಕೆ ಮೆಟ್ಟಿಲುಗಳನ್ನು ಗೊತ್ತುಮಾಡಿದರು. ಅವರು ಮುಖ್ಯವಾಗಿ ನಂಬಿದ್ದು ದಿನದ ಎಣಿಕೆಯನ್ನೇ. ಒಂದು ಮುಟ್ಟಿಗೂ ಮುಂದಿನದಕ್ಕೂ ನಡುವಿನ ದಿನಗಳಲ್ಲಿ ಏಳು ದಿನ ಅಥವಾ ಹೆಚ್ಚಿನ ವ್ಯತ್ಯಾಸ ಮತ್ತೆ ಮತ್ತೆ ಕಂಡರೆ ಸಂಧಿಕಾಲ ಶುರುವಾಗಿದೆ. ಅರುವತ್ತು ದಿನ ಅಥವಾ ಮೇಲ್ಪಟ್ಟು ಮುಟ್ಟಿಲ್ಲದೆ ಕಳೆದರೆ ಅದು ಮುಂದುವರಿದಿದೆ. ಹನ್ನೆರಡು ತಿಂಗಳು ಸತತವಾಗಿ ಕಾಣದಿದ್ದರೆ ಋತುಬಂಧವಾಗಿದೆ. ಇದಕ್ಕೆ ಬೇಕಾದ ಯಂತ್ರ ಅಡಿಗೆಮನೆಯ ಗೋಡೆಯ ಮೇಲೆ ತೂಗುವ ಕ್ಯಾಲೆಂಡರು. ಹಾಲಿನ ಲೆಕ್ಕ, ಏಕಾದಶಿ, ಮನೆಬಾಡಿಗೆಯ ತಾರೀಖು ಗುರುತಿಸುವ ಕ್ಯಾಲೆಂಡರಿನಲ್ಲೇ ಒಂದು ಚುಕ್ಕಿ ಇಡಿ. ಮುಟ್ಟಾದ ದಿನ ಒಂದು ಚುಕ್ಕಿ, ಝಳ ಬಂದ ರಾತ್ರಿ ಒಂದು ಗೀಟು. ಮೂರು ತಿಂಗಳ ಚುಕ್ಕಿ ಗೀಟು ನೋಡಿದರೆ ವೈದ್ಯರಿಗೆ ಯಾವ ಪ್ಯಾಕೇಜಿಗಿಂತಲೂ ಹೆಚ್ಚು ತಿಳಿಯುತ್ತದೆ.

ಔಷಧಿ ಅಂಗಡಿಯಲ್ಲಿ ಸಿಗುವ ಮನೆಯಲ್ಲೇ ಮಾಡುವ ಮೂತ್ರ ಪರೀಕ್ಷೆಯ ಕಡ್ಡಿಗಳೂ ಇದೇ ಎಫ್.ಎಸ್.ಎಚ್. ಕೂಗನ್ನೇ ಕೇಳುತ್ತವೆ. ಕಡ್ಡಿ ಬಣ್ಣ ಬದಲಿಸಿದರೆ ಆ ದಿನ ಕೂಗು ಜೋರಾಗಿತ್ತು ಎಂದಷ್ಟೇ ಅರ್ಥ. ಗರ್ಭನಿರೋಧಕ ಮಾತ್ರೆ ತೆಗೆದುಕೊಳ್ಳುವವರಲ್ಲಂತೂ ಆ ಕೂಗೇ ಅಡಗಿರುತ್ತದೆ, ಅವರ ಎಫ್.ಎಸ್.ಎಚ್. ನೋಡಿ ಏನನ್ನೂ ಹೇಳಲು ಬರುವುದಿಲ್ಲ.

ಇಲ್ಲಿಯವರಿಗೆ ಇನ್ನೊಂದು ಮಾತು. ಸಮುದ್ರದ ನೀರನ್ನು ಸಿಹಿ ಮಾಡಿ ಕೊಡುವ ಈ ನಾಡಿಗೆ ಬಂದವರ ಮೊದಲ ದೂರು ಕೂದಲು ಉದುರುವುದು. ನೀರೇ ಕಾರಣವೋ ಅಲ್ಲವೋ, ಬಯೋಟಿನ್ ಮಾತ್ರೆ ಮಾತ್ರ ಅನೇಕರ ಮನೆಯ ಕಪಾಟಿನಲ್ಲಿದೆ. ಈ ಬಯೋಟಿನ್ ಹೆಚ್ಚು ಪ್ರಮಾಣದಲ್ಲಿ ರಕ್ತದಲ್ಲಿದ್ದರೆ ಕೆಲವು ಬಗೆಯ ಯಂತ್ರಗಳು ಹಾರ್ಮೋನನ್ನು ತಪ್ಪಾಗಿ ಅಳೆಯುತ್ತವೆ. ಎಫ್.ಎಸ್.ಎಚ್. ಮತ್ತು ಟಿ.ಎಸ್.ಎಚ್. ಇರುವುದಕ್ಕಿಂತ ಕಡಿಮೆ ಕಾಣಬಹುದು, ಈಸ್ಟ್ರಡಿಯಾಲ್ ಇರುವುದಕ್ಕಿಂತ ಹೆಚ್ಚು ಕಾಣಬಹುದು. ಬಯೋಟಿನ್ನಿನಿಂದ ಲ್ಯಾಬ್ ಪರೀಕ್ಷೆಗಳು ಹೀಗೆ ಕೆಡಬಹುದೆಂದು ಅಮೆರಿಕದ ಎಫ್.ಡಿ.ಎ. 2017ರಲ್ಲೇ ಎಚ್ಚರಿಸಿತು. ಆದ್ದರಿಂದ ಯಾವ ಕಾರಣಕ್ಕೆ ರಕ್ತ ಕೊಡುವುದಿದ್ದರೂ, ತೆಗೆದುಕೊಳ್ಳುವ ಮಾತ್ರೆಗಳನ್ನೆಲ್ಲ, ಕೂದಲಿನ ಮಾತ್ರೆಯನ್ನೂ ಸೇರಿಸಿ, ಮೊದಲೇ ಹೇಳಬೇಕು. "ಅದು ಬರೀ ವಿಟಮಿನ್" ಎಂದು ಬಿಡಬಾರದು.

ಹಾಗಾದರೆ ಹಾರ್ಮೋನು ಪರೀಕ್ಷೆಯೇ ಮೋಸವೇ ಎಂದು ಕೇಳಬಹುದು. ಹಾಗೆ ಹೇಳಿದರೆ ಅನ್ಯಾಯವಾಗುತ್ತದೆ. ರಕ್ತದಲ್ಲಿ ಕಣ್ಣಿಗೆ ಕಾಣದಷ್ಟು ಅಲ್ಪ ಪ್ರಮಾಣದ ಹಾರ್ಮೋನನ್ನು ಅಳೆಯುವ ವಿದ್ಯೆ ಸಾಮಾನ್ಯವಾದದ್ದಲ್ಲ. ಅದನ್ನು ಕಂಡುಹಿಡಿದವರಲ್ಲಿ ಒಬ್ಬಾಕೆ ರೋಸಲಿನ್ ಯಾಲೋ. 1977ರಲ್ಲಿ ಆಕೆಗೆ ನೊಬೆಲ್ ಬಂತು. ಹೆಂಗಸೊಬ್ಬಳು ಕೊಟ್ಟ ಈ ವರ ಸರಿಯಾದ ಜಾಗದಲ್ಲಿ ಜೀವ ಕಾಯುತ್ತದೆ. ಆ ಜಾಗಗಳನ್ನು ಹೇಳುತ್ತೇನೆ.

ಮೊದಲನೆಯದು, ನಲವತ್ತು ತುಂಬುವ ಮುಂಚೆಯೇ ಮುಟ್ಟು ನಾಲ್ಕಾರು ತಿಂಗಳು ತಪ್ಪಿದವರು. ಇವರಿಗೆ ಎಫ್.ಎಸ್.ಎಚ್. ಪರೀಕ್ಷೆ ಆಗಲೇಬೇಕು, ಅನುಮಾನ ಉಳಿದರೆ ನಾಲ್ಕರಿಂದ ಆರು ವಾರ ಬಿಟ್ಟು ಮತ್ತೊಮ್ಮೆ. ಹೀಗೆ ಅಂಡಾಶಯ ಅಕಾಲದಲ್ಲಿ ಸೋಲುವುದು ನೂರಕ್ಕೆ ಒಬ್ಬಳಿಗೆ ಎಂದು ಹಿಂದೆ ಹೇಳುತ್ತಿದ್ದರು. ಯುರೋಪಿನ ತಜ್ಞರ ಕೂಟವು 2024ರಲ್ಲಿ ಹೊರಡಿಸಿದ ಮಾರ್ಗದರ್ಶಿ ನೂರಕ್ಕೆ ಮೂರೂವರೆ ಎನ್ನುತ್ತದೆ. "ಒಳ್ಳೆಯದಾಯಿತು, ರಗಳೆ ತಪ್ಪಿತು" ಎಂದು ಇವರು ಸುಮ್ಮನಿದ್ದರೆ ಮೂಳೆ ಟೊಳ್ಳಾಗುತ್ತದೆ, ಹೃದಯಕ್ಕೂ ಅಪಾಯ. ಸಾಮಾನ್ಯ ಋತುಬಂಧದ ವಯಸ್ಸಿನವರೆಗಾದರೂ ಇವರಿಗೆ ಹಾರ್ಮೋನನ್ನು ಔಷಧಿಯಾಗಿ ಕೊಡುವುದು ಪದ್ಧತಿ.

ಎರಡನೆಯದು, ನಲವತ್ತಕ್ಕೂ ನಲವತ್ತೈದಕ್ಕೂ ನಡುವಿನವರು. ಇಲ್ಲಿ ನಾವು ಭಾರತೀಯರು ಸ್ವಲ್ಪ ಯೋಚಿಸಬೇಕು. ಪಶ್ಚಿಮದ ದೇಶಗಳಲ್ಲಿ ಋತುಬಂಧದ ಸರಾಸರಿ ವಯಸ್ಸು 51. ಇಂಡಿಯನ್ ಮೆನೋಪಾಸ್ ಸೊಸೈಟಿ ದೇಶದಾದ್ಯಂತ ನಡೆಸಿ 2016ರಲ್ಲಿ ಪ್ರಕಟಿಸಿದ ಸಮೀಕ್ಷೆಯಲ್ಲಿ ನಮ್ಮವರದು 46ರ ಆಸುಪಾಸು. ಅಂದರೆ ನಮ್ಮಲ್ಲಿ ನಲವತ್ತೆರಡಕ್ಕೇ ಝಳ ಶುರುವಾದರೆ ಅದು ಕಲ್ಪನೆಯಲ್ಲ. "ನಿಮಗಿನ್ನೂ ವಯಸ್ಸಾಗಿಲ್ಲ" ಎಂದು ಹೇಳಿ ಕಳಿಸುವವರಿಗೆ ಈ ಅಂಕಿಯನ್ನು ಹೇಳಿ. ಈ ವಯಸ್ಸಿನಲ್ಲಿ ಪರೀಕ್ಷೆ ಬೇಕೆಂದು ವೈದ್ಯರಿಗೆ ತೋರಿದರೆ ಮಾಡಿಸಿಕೊಳ್ಳುವುದೇ ಸರಿ.

ಮೂರನೆಯದು, ಗರ್ಭಕೋಶ ತೆಗೆಸಿಕೊಂಡು ಅಂಡಾಶಯ ಉಳಿಸಿಕೊಂಡವರು. ಇವರಿಗೆ ಎಣಿಸಲು ಮುಟ್ಟೇ ಇಲ್ಲ. ಋತುಬಂಧವೂ ಉಳಿದವರಿಗಿಂತ ತುಸು ಮುಂಚೆ ಬರುವುದುಂಟು. ಇವರ ವಿಷಯದಲ್ಲಿ ಪರೀಕ್ಷೆ ನೆರವಾದೀತು. ಎರಡೂ ಅಂಡಾಶಯಗಳನ್ನು ತೆಗೆಸಿಕೊಂಡವರಿಗೆ ಶಸ್ತ್ರಕ್ರಿಯೆಯಾದ ದಿನವೇ ಋತುಬಂಧ. ಅಲ್ಲಿ ಪರೀಕ್ಷೆಗೆ ಅರ್ಥವಿಲ್ಲ, ಚಿಕಿತ್ಸೆಗೆ ಇದೆ.

ಗರ್ಭಕೋಶದ ಮಾತು ಬಂದದ್ದರಿಂದ ಒಂದು ಕಹಿ ಸಂಗತಿಯನ್ನು ಹೇಳದೆ ಮುಂದೆ ಹೋಗಲಾರೆ. 2015ರಲ್ಲಿ ಕಲಬುರಗಿ ಜಿಲ್ಲೆಯ ತಾಂಡಾಗಳ ಲಂಬಾಣಿ ಹೆಂಗಸರಿಗೂ ಇತರ ಬಡ ಹೆಂಗಸರಿಗೂ ಖಾಸಗಿ ಆಸ್ಪತ್ರೆಗಳಲ್ಲಿ ಅಗತ್ಯವಿಲ್ಲದೆ ಗರ್ಭಕೋಶ ತೆಗೆದ ಸುದ್ದಿ ಬೆಳಕಿಗೆ ಬಂತು. ಹೊಟ್ಟೆನೋವು, ಬಿಳಿಸೆರಗು ಎಂದು ಹೋದವರಿಗೆ ಒಂದು ಸ್ಕ್ಯಾನ್ ಮಾಡಿ, "ಬಿಟ್ಟರೆ ಕ್ಯಾನ್ಸರ್ ಆದೀತು" ಎಂದು ಹೆದರಿಸಿ ಮೇಜಿನ ಮೇಲೆ ಮಲಗಿಸಿದರು. ಅವರಲ್ಲಿ ಅನೇಕರಿಗೆ ನಲವತ್ತೂ ತುಂಬಿರಲಿಲ್ಲ. ಕೊನೆಗೆ ಆ ಹೆಂಗಸರೇ ಬೀದಿಗಿಳಿದು ನ್ಯಾಯ ಕೇಳಬೇಕಾಯಿತು. ಬೇರೆ ರಾಜ್ಯಗಳ ಇಂಥದೇ ದೂರುಗಳನ್ನು ಹಿಡಿದು ವೈದ್ಯರೊಬ್ಬರು ಹೂಡಿದ ಸಾರ್ವಜನಿಕ ಹಿತಾಸಕ್ತಿ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು 2023ರ ಏಪ್ರಿಲ್ 5ರಂದು ತೀರ್ಪು ಕೊಟ್ಟು, ಅನಗತ್ಯ ಗರ್ಭಕೋಶ ಶಸ್ತ್ರಕ್ರಿಯೆ ತಡೆಯಲು ಕೇಂದ್ರ ಆರೋಗ್ಯ ಇಲಾಖೆ ಬರೆದ ನಿಯಮಗಳನ್ನು ಮೂರು ತಿಂಗಳಲ್ಲಿ ಜಾರಿಗೆ ತರಬೇಕೆಂದು ಎಲ್ಲ ರಾಜ್ಯಗಳಿಗೂ ಆಜ್ಞೆ ಮಾಡಿತು.

"ಅದು ತಾಂಡಾದ ಅನಕ್ಷರಸ್ಥರ ಕಥೆ, ನಮಗೇನು?" ಎನ್ನಬೇಡಿ. ನಮ್ಮ ಮೋಸಕ್ಕೆ ಬೇರೆ ವೇಷ. ನಲವತ್ತೈದರ ಆಚೀಚೆ ರಕ್ತಸ್ರಾವ ಹೆಚ್ಚಾಗುತ್ತದೆ. ಇಲ್ಲಿ ತೋರಿಸಿಕೊಳ್ಳಲು ಸಂಕೋಚ, ಖರ್ಚಿನ ಅಂಜಿಕೆ, ಭಾಷೆಯ ತೊಡಕು. "ಊರಿಗೆ ಹೋದಾಗ ನೋಡೋಣ" ಎಂದು ಹತ್ತು ತಿಂಗಳು ಕಬ್ಬಿಣದ ಮಾತ್ರೆ ನುಂಗುತ್ತಾರೆ. ಊರಿನಲ್ಲಿ ಸಿಗುವುದು ಮೂವತ್ತು ದಿನ. ಅದರಲ್ಲೇ ತಂಗಿಯ ಮಗಳ ಮದುವೆ, ಧರ್ಮಸ್ಥಳದ ಹರಕೆ, ಮನೆಯ ಮಾಳಿಗೆ ರಿಪೇರಿ. ವೈದ್ಯರು "ಮಕ್ಕಳಾಗಿವೆಯಲ್ಲ, ಇನ್ನೇಕೆ ಅದು? ತೆಗೆಸಿಬಿಡಿ" ಎಂದರೆ, ಟಿಕೇಟಿನ ತಾರೀಖು ನೋಡಿ ಒಪ್ಪಿಗೆಯಾಗುತ್ತದೆ. ವಿಮಾನದ ಟಿಕೇಟು ಶಸ್ತ್ರಕ್ರಿಯೆಗೆ ಕಾರಣವಾಗಬಾರದು. ಹೆಚ್ಚಿನ ಸ್ರಾವಕ್ಕೆ ಮಾತ್ರೆಗಳಿವೆ. ಹಾರ್ಮೋನಿರುವ ವಂಕಿಯನ್ನು ಹಾಕಿಸಿಕೊಂಡರೆ ಅನೇಕರಿಗೆ ಸ್ರಾವ ಹತೋಟಿಗೆ ಬರುತ್ತದೆ. ಗಡ್ಡೆಯೋ ಕ್ಯಾನ್ಸರೋ ಇದ್ದು ತೆಗೆಯಲೇಬೇಕಾದ ಸಂದರ್ಭಗಳೂ ಉಂಟು. ಆದರೆ ಎರಡನೆಯ ವೈದ್ಯರ ಮಾತು ಕೇಳುವಷ್ಟು ಸಮಯ ಇಟ್ಟುಕೊಳ್ಳಬೇಕು. ಅಂಡಾಶಯ ಉಳಿಯುತ್ತದೆಯೋ ಇಲ್ಲವೋ ಎಂದು ಬಾಯಿಬಿಟ್ಟು ಕೇಳಬೇಕು.

ಹಾರ್ಮೋನು ಪ್ಯಾಕೇಜಿಗೆ ಸುರಿಯುವ ದುಡ್ಡನ್ನು ಈ ವಯಸ್ಸಿನಲ್ಲಿ ಯಾವುದಕ್ಕೆ ಖರ್ಚು ಮಾಡಬೇಕು? ಮೊದಲು ಥೈರಾಯ್ಡ್. ಬೆವರು, ಎದೆಬಡಿತ, ಸುಸ್ತು, ಮುಟ್ಟಿನ ಏರುಪೇರು ಇವೆಲ್ಲ ಥೈರಾಯ್ಡ್ ಕೆಟ್ಟಾಗಲೂ ಬರುತ್ತವೆ, ಅದಕ್ಕೆ ಟಿ.ಎಸ್.ಎಚ್. ಎಂಬ ಒಂದೇ ಪರೀಕ್ಷೆ ಮೊದಲಿಗೆ ಸಾಕು. ಸ್ರಾವ ಹೆಚ್ಚಿದ್ದವರು ಹಿಮೋಗ್ಲೋಬಿನ್ ಮತ್ತು ಕಬ್ಬಿಣಾಂಶ ನೋಡಿಸಲಿ. ರಕ್ತದೊತ್ತಡ, ಸಕ್ಕರೆ, ಕೊಲೆಸ್ಟರಾಲ್ ಎಲ್ಲರಿಗೂ ಬೇಕು. ಮುಟ್ಟು ನಿಂತ ಮೇಲೆ ಹೃದಯಕ್ಕೆ ಮುಂಚಿನ ರಕ್ಷಣೆ ಇರುವುದಿಲ್ಲ. ಈ ದೇಶದಲ್ಲಿ ಸಕ್ಕರೆ ಕಾಯಿಲೆ ಎಷ್ಟಿದೆಯೆಂದರೆ, ನಮ್ಮ ಶರ್ಕ್‌ನಲ್ಲೇ ಅದಕ್ಕೆಂದು ದಸ್ಮಾನ್ ಡಯಾಬಿಟಿಸ್ ಇನ್‌ಸ್ಟಿಟ್ಯೂಟ್ ಕಟ್ಟಿದ್ದಾರೆ. ಅದರ ಪಕ್ಕದಲ್ಲೇ ಸಮುದ್ರದಂಡೆಯ ನಡಿಗೆ ದಾರಿ ಇದೆ. ನವೆಂಬರಿನಿಂದ ಮಾರ್ಚಿನವರೆಗೆ ಅದಕ್ಕಿಂತ ಒಳ್ಳೆಯ ಔಷಧಿ ಬೇಕಿಲ್ಲ. ವರ್ಷದಲ್ಲಿ ಮುನ್ನೂರು ದಿನ ಬಿಸಿಲಿದ್ದರೂ ಆ ಬಿಸಿಲಿಗೆ ಹೆದರಿ ಒಳಗೇ ಕೂರುವ ನಮಗೆ ವಿಟಮಿನ್ ಡಿ ಕೊರತೆ. ಮೂಳೆಯ ಗಟ್ಟಿತನದ ಬಗ್ಗೆ ವೈದ್ಯರನ್ನು ಕೇಳಿ. ಗರ್ಭಕಂಠದ ಪ್ಯಾಪ್ ಪರೀಕ್ಷೆ, ಸ್ತನದ ಮ್ಯಾಮೊಗ್ರಾಮ್ ಇವೆರಡನ್ನು ಮುಂದೂಡಬೇಡಿ.

ಇನ್ನು ಎರಡು ಎಚ್ಚರಿಕೆ. ಒಂದು ವರ್ಷ ಮುಟ್ಟು ನಿಂತ ಮೇಲೆ ಒಂದು ಹನಿ ರಕ್ತ ಕಂಡರೂ ಅದೇ ವಾರ ವೈದ್ಯರ ಬಳಿ ಹೋಗಬೇಕು. "ಮತ್ತೆ ಶುರುವಾಯಿತು" ಎಂದು ನಗಬಾರದು, ಊರಿನ ರಜೆಗೆ ಕಾಯಬಾರದು. ಬಹಳಷ್ಟು ಸಲ ಏನೂ ಇರುವುದಿಲ್ಲ. ಆದರೆ ಗರ್ಭಕೋಶದ ಕ್ಯಾನ್ಸರಿನ ಮೊದಲ ಸೂಚನೆಯೂ ಅದೇ. ಎರಡನೆಯದು, ಎಫ್.ಎಸ್.ಎಚ್. ಏರಿದೆ ಎಂಬ ಒಂದು ಕಾಗದ ನಂಬಿ ಗರ್ಭನಿರೋಧವನ್ನು ಬಿಡಬಾರದು. ಐವತ್ತಕ್ಕೆ ಮೊದಲು ಮುಟ್ಟು ನಿಂತವರು ಕೊನೆಯ ಮುಟ್ಟಿನಿಂದ ಎರಡು ವರ್ಷ, ಐವತ್ತರ ಮೇಲೆ ನಿಂತವರು ಒಂದು ವರ್ಷ ಅದನ್ನು ಮುಂದುವರಿಸಬೇಕೆಂಬುದು ನಿಯಮ. ಮಗಳ ಬಾಣಂತನಕ್ಕೆ ಹೊರಡುವ ವಯಸ್ಸಿನಲ್ಲಿ ತನಗೇ ವಾಂತಿಯಾದರೆ ಯಾರ ಮುಂದೆ ಹೇಳಿಕೊಳ್ಳುವುದು?

ಚಿಕಿತ್ಸೆಯ ಬಗ್ಗೆಯೂ ಒಂದು ಮಾತು. "ಹಾರ್ಮೋನು ತೆಗೆದುಕೊಂಡರೆ ಕ್ಯಾನ್ಸರ್" ಎಂಬ ಭಯ 2002ರಲ್ಲಿ ಅಮೆರಿಕದಿಂದ ಬಂದದ್ದು. ಅಲ್ಲಿ 16,608 ಹೆಂಗಸರ ಮೇಲೆ ನಡೆಯುತ್ತಿದ್ದ ಒಂದು ದೊಡ್ಡ ಪ್ರಯೋಗವನ್ನು ಆ ವರ್ಷ ಅರ್ಧಕ್ಕೇ ನಿಲ್ಲಿಸಿದರು. ಎರಡು ಹಾರ್ಮೋನು ಸೇರಿದ ಮಾತ್ರೆ ನುಂಗಿದ ಹತ್ತು ಸಾವಿರ ಹೆಂಗಸರಲ್ಲಿ ವರ್ಷಕ್ಕೆ ಎಂಟು ಸ್ತನ ಕ್ಯಾನ್ಸರ್ ಹೆಚ್ಚು ಕಂಡಿತ್ತು. ಆದರೆ ಅವರ ಸರಾಸರಿ ವಯಸ್ಸು 63. ಆಮೇಲಿನ ವಿಶ್ಲೇಷಣೆಗಳಿಂದ ತಜ್ಞರು ಬಂದಿರುವ ತೀರ್ಮಾನವೆಂದರೆ, ಅರುವತ್ತರ ಒಳಗೆ ಅಥವಾ ಮುಟ್ಟು ನಿಂತ ಹತ್ತು ವರ್ಷದೊಳಗೆ ಶುರು ಮಾಡುವ ಬಹುಪಾಲು ಆರೋಗ್ಯವಂತರಿಗೆ ಲಾಭವೇ ಹೆಚ್ಚು. ಸ್ತನ ಕ್ಯಾನ್ಸರ್ ಆದವರು, ರಕ್ತ ಹೆಪ್ಪುಗಟ್ಟಿದ ಇತಿಹಾಸ ಇರುವವರ ಮಾತು ಬೇರೆ; ಅವರಿಗೆ ಬೇರೆ ಔಷಧಿಗಳಿವೆ. ಚಿಕಿತ್ಸೆ ತೆಗೆದುಕೊಳ್ಳುವವರಿಗೂ ಪ್ರತಿ ಮೂರು ತಿಂಗಳಿಗೆ ಹಾರ್ಮೋನು ಅಳೆಯುವ ಪದ್ಧತಿ ಸಾಮಾನ್ಯವಾಗಿ ಬೇಕಿಲ್ಲ. ಝಳ ಇಳಿಯಿತೇ, ನಿದ್ದೆ ಬಂತೇ ಎಂದು ಕೇಳಿಯೇ ಔಷಧಿಯನ್ನು ಹೆಚ್ಚು ಕಡಿಮೆ ಮಾಡುತ್ತಾರೆ. ಎಲ್ಲರೂ ಔಷಧಿ ನುಂಗಬೇಕೆಂದು ನಾನು ಹೇಳುವುದಿಲ್ಲ. ಆದರೆ "ಹೆಂಗಸಾಗಿ ಹುಟ್ಟಿದ ಮೇಲೆ ಸಹಿಸಬೇಕು" ಎಂಬ ಮಾತನ್ನು ಒಪ್ಪುವುದಿಲ್ಲ. ಅಮೆರಿಕದಲ್ಲಿ ವರ್ಷಗಟ್ಟಲೆ ಸಾವಿರಾರು ಹೆಂಗಸರ ಜಾಡು ಹಿಡಿದ ಅಧ್ಯಯನವೊಂದು 2015ರಲ್ಲಿ ಹೇಳಿದ್ದು, ಪದೇ ಪದೇ ಬರುವ ಝಳ ಉಳಿಯುವುದು ಮಧ್ಯಮ ಲೆಕ್ಕದಲ್ಲಿ 7.4 ವರ್ಷ. ಏಳು ವರ್ಷ ನಿದ್ದೆಗೆಟ್ಟು ಸಹಿಸುವುದರಲ್ಲಿ ಯಾವ ಪುಣ್ಯವೂ ಇಲ್ಲ.

ಈಗ ಮೊದಲು ಹೇಳಿದ ಮಾತಿಗೆ ಬರುತ್ತೇನೆ. ಪರೀಕ್ಷೆಗೆ ನಾವು ಇಷ್ಟು ಜೋತುಬೀಳುವುದು ಯಾಕೆ? ಬಾಯಿಬಿಟ್ಟು ಹೇಳಲು ಮಾತಿಲ್ಲದ್ದಕ್ಕೆ. ನಮ್ಮ ಅಮ್ಮಂದಿರು ಇದರ ಬಗ್ಗೆ ನಮಗೆ ಹೇಳಲಿಲ್ಲ. "ಈಗ ಎಲ್ಲ ನಿಂತುಹೋಗಿದೆ, ದೇವರ ಕೆಲಸಕ್ಕೆ ಅನುಕೂಲ" ಎಂಬಲ್ಲಿಗೆ ಅವರ ಮಾತು ಮುಗಿಯುತ್ತಿತ್ತು. ಡಾ. ಅನುಪಮಾ ನಿರಂಜನ ಅವರ 'ವಧುವಿಗೆ ಕಿವಿಮಾತು', 'ತಾಯಿ ಮಗು' ಪುಸ್ತಕಗಳು ಎಷ್ಟೋ ಕನ್ನಡ ಮನೆಗಳಿಗೆ ಮದುವೆಯ ಉಡುಗೊರೆಯಾಗಿ ಬಂದವು. ಮದುವೆ, ಬಸಿರು, ಬಾಣಂತನದ ವಿಷಯವನ್ನು ಮರ್ಯಾದೆಯ ಕನ್ನಡದಲ್ಲಿ ಆಡಬಹುದೆಂದು ತೋರಿಸಿದವು. ಆ ಧೈರ್ಯವನ್ನು ನಾವು ನಲವತ್ತೈದರ ತನಕ ಕೊಂಡೊಯ್ಯಲಿಲ್ಲ. ವೈದ್ಯರ ಮುಂದೆ ಕೂತಾಗ ಅವರದು ಅರಬ್ಬಿ ಬೆರೆತ ಇಂಗ್ಲಿಷು, ನಮ್ಮದು ಕನ್ನಡವೋ ತುಳುವೋ ಬೆರೆತದ್ದು. ನಡುವೆ ಗಂಡನೇ ದುಭಾಷಿ. "ಏನು ತೊಂದರೆ?" ಎಂದು ಆಕೆಯನ್ನು ಕೇಳಿದರೆ "ಸ್ವಲ್ಪ ಟೆನ್ಷನ್, ಡಾಕ್ಟ್ರೇ" ಎಂದು ಆತ ಉತ್ತರ ಕೊಡುತ್ತಾನೆ. ಉರಿಮೂತ್ರ, ಒಣಗಿದ ಮೈ, ದಾಂಪತ್ಯದಲ್ಲಿ ನೋವು ಇವು ಆ ದುಭಾಷಿಯ ಮೂಲಕ ಹೇಗೆ ದಾಟಬೇಕು? ವೈದ್ಯರಿಗೂ ಮಾತು ಸಿಗದೆ ಪರೀಕ್ಷೆ ಬರೆದುಕೊಡುತ್ತಾರೆ.

ಇದು ಹೊಸ ಸಮಸ್ಯೆಯಲ್ಲ. ಈ ಊರಿಗೆ ಮೊದಲ ಮಹಿಳಾ ವೈದ್ಯೆಯಾಗಿ ಡಾ. ಎಲಿನಾರ್ ಕ್ಯಾಲ್ವರ್ಲಿ 1912ರಲ್ಲಿ ಬಂದಾಗ ಕುವೈತಿ ಹೆಂಗಸರು ಗಂಡು ವೈದ್ಯರಿಗೆ ಮೈ ತೋರಿಸುತ್ತಿರಲಿಲ್ಲ. ಹೆಂಗಸು ಹೆಂಗಸಿನೊಡನೆ ಮಾತಾಡುವ ಬಾಗಿಲು ಹಾಗೆ ತೆರೆಯಿತು. ನೂರು ವರ್ಷ ಕಳೆದು ಓದುಬರಹ ಬಲ್ಲ ನಾವು ಆ ಬಾಗಿಲಲ್ಲಿ ಇನ್ನೂ ತಡವರಿಸುತ್ತಿದ್ದೇವೆ.

ನಮ್ಮ ಮನೆಗಳಲ್ಲಿ ಕೆಲಸಕ್ಕಿರುವ ಹೆಂಗಸರನ್ನೂ ಇಲ್ಲಿ ನೆನೆಯಬೇಕು. ಅವರಲ್ಲಿ ಅನೇಕರು ಆಂಧ್ರದವರು. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಗಳ ಪ್ರಕಾರ ದೇಶದಲ್ಲಿ 15ರಿಂದ 49ರ ವಯಸ್ಸಿನ ಹೆಂಗಸರಲ್ಲಿ ನೂರಕ್ಕೆ ಮೂವರಿಗಿಂತ ತುಸು ಹೆಚ್ಚು ಮಂದಿಗೆ ಗರ್ಭಕೋಶ ತೆಗೆದಿದೆ. ಆಂಧ್ರ, ತೆಲಂಗಾಣಗಳು ಇದರಲ್ಲಿ ಮುಂದಿನ ಸಾಲಿನಲ್ಲಿವೆ. ಮೂವತ್ತೆಂಟಕ್ಕೇ ಮೈ ಸೋತು, ಬಿಸಿ ಒಲೆಯ ಮುಂದೆ ಝಳ ತಡೆಯಲಾರದೆ ಕೂತುಬಿಡುವ ಆಕೆಯನ್ನು ಸೋಮಾರಿ ಎನ್ನುವ ಮುಂಚೆ ಒಂದು ಮಾತು ಕೇಳಿ ನೋಡಿ. ಆಕೆಗೆ ಪ್ಯಾಕೇಜೂ ಇಲ್ಲ, ರಜೆಯೂ ಇಲ್ಲ.

ಗಂಡಸರಿಗೆ ನನ್ನ ಬೇಡಿಕೆ ಸಣ್ಣದು. ವೈದ್ಯರ ಕೋಣೆಯ ಹೊರಗೆ ಕೂತಿರಿ. ಒಳಗೆ ಬರಬೇಕಾದರೆ ಬನ್ನಿ, ಆದರೆ ಉತ್ತರ ಅವಳೇ ಕೊಡಲಿ. ರಿಪೋರ್ಟು ನೋಡಿ "ಏನೂ ಇಲ್ಲ" ಎನ್ನಬೇಡಿ. ಎ.ಸಿ. ಸ್ವಲ್ಪ ತಗ್ಗಿಸಿದರೆ ಇನ್ನೊಂದು ರಗ್ಗು ಹೊದ್ದುಕೊಳ್ಳಿ.

ಕೂಟದ ಕಾರ್ಯಕಾರಿ ಸಮಿತಿಗೆ ಮೂರು ಸಲಹೆ. ನಮ್ಮ ಸದಸ್ಯರಲ್ಲಿ ಇಲ್ಲಿನ ಆಸ್ಪತ್ರೆಗಳಲ್ಲಿ ದುಡಿಯುವ ದಾದಿಯರಿದ್ದಾರೆ, ವೈದ್ಯೆಯರೂ ಇದ್ದಾರೆ. ಪ್ರತಿ ವರ್ಷ ಅಕ್ಟೋಬರ್ 18 ವಿಶ್ವ ಋತುಬಂಧ ದಿನ. ರಾಜ್ಯೋತ್ಸವದ ತಾಲೀಮಿನ ಗದ್ದಲದ ನಡುವೆ ಒಂದು ಶುಕ್ರವಾರದ ಎರಡು ಗಂಟೆಯನ್ನು ಅವರಿಗೆ ಬಿಟ್ಟುಕೊಡಿ. ಹೆಂಗಸರಷ್ಟೇ ಕೂತು ಕನ್ನಡದಲ್ಲಿ ಕೇಳಲಿ, ಹೇಳಲಿ. ಎರಡನೆಯದಾಗಿ, ಈ ತೊಂದರೆಗಳ ಹೆಸರನ್ನು ಒಂದು ಕಡೆ ಕನ್ನಡದಲ್ಲೂ ಎದುರುಗಡೆ ಇಂಗ್ಲಿಷ್ ಮತ್ತು ಅರಬ್ಬಿಯಲ್ಲೂ ಬರೆದ ಒಂದು ಹಾಳೆ ಅಚ್ಚು ಹಾಕಿ ಹಂಚಿ. ಬಾಯಿ ಬಾರದವಳು ಬೆರಳಿಟ್ಟು ತೋರಿಸಲಿ. ಮೂರನೆಯದಾಗಿ, ಕೂಟದ ಕ್ಯಾಲೆಂಡರಿನ ತಾರೀಖಿನ ಚೌಕವನ್ನು ಸ್ವಲ್ಪ ದೊಡ್ಡದು ಮಾಡಿ. ಚುಕ್ಕಿ ಇಡಲು ಜಾಗ ಬೇಕು.

ಇದು ನನ್ನ ಅಭಿಪ್ರಾಯ. ಔಷಧಿ ಶುರು ಮಾಡುವುದೂ ಬಿಡುವುದೂ ನಿಮ್ಮ ವೈದ್ಯರೊಡನೆ ಮಾತಾಡಿ ಆಗಬೇಕಾದದ್ದು, ಈ ಲೇಖನ ಓದಿ ಅಲ್ಲ. ಒಪ್ಪದವರು, ವಿಶೇಷವಾಗಿ ನಮ್ಮ ವೈದ್ಯ ಸದಸ್ಯರು, ಮುಂದಿನ ಸಂಚಿಕೆಗೆ ಬರೆಯಲಿ. ಹೆಸರು ಹಾಕಲು ಸಂಕೋಚವಿದ್ದ ಸೋದರಿಯರು ಹೆಸರಿಲ್ಲದೆಯೇ ಬರೆಯಲಿ. ಮಾತು ಶುರುವಾದರೆ ಸಾಕು.

— ಒಬ್ಬ ಸದಸ್ಯೆ, ಶರ್ಕ್